ಕೆನೆಗಟ್ಟಿದ ನೀರು

ಗಡಿಗೆಯ ನೀರು ತಣ್ಣಗಾಗದೆ ನಾಲ್ಕು ದಿನವಾಗಿತ್ತು. ನೀಲವ್ವ ನಾಲ್ಕು ದಿನದಿಂದಲೂ ಅದನ್ನೇ ಹೇಳುತ್ತಿದ್ದಳು, ಮಗಳು ಕಸ್ತೂರಿ ಕಿವಿಗೆ ಹಾಕಿಕೊಂಡಿರಲಿಲ್ಲ. ಜಿಲ್ಲೆಗೆಲ್ಲ ನೀರಿನ ವಿಜ್ಞಾನ ಹೇಳುವವರಿಗೆ ಮನೆಯ ಗಡಿಗೆಯ ಸುದ್ದಿ ಯಾಕೆ ಬೇಕು?

"ಗಡಿಗಿ ಬದಲಿ ಮಾಡಬೇ," ಎಂದಳು ಕಸ್ತೂರಿ, ಕೈಚೀಲಕ್ಕೆ ಬುತ್ತಿ ಇಟ್ಟುಕೊಳ್ಳುತ್ತ.

"ಎರಡ ಬದಲಿ ಮಾಡೀನಿ. ಕುಂಬಾರ ಈರಪ್ಪಗ ಬೈದೂ ಬಂದೀನಿ. ಅಂವ ಅಂತಾನ, ಗಡಿಗಿ ಬರೋಬರಿ ಐತಿ ನೀಲವ್ವಕ್ಕ, ನಿನ್ನ ಮಗಳ ನೀರ ಬರೋಬರಿ ಇಲ್ಲ ಅಂತ."

ಕಸ್ತೂರಿ ನಕ್ಕಳು. ನಿನ್ನೆ ಮುಂಜಾನೆ ಹಿತ್ತಲ ಹಗ್ಗಕ್ಕೆ ಹಾಕಿದ ಸೀರೆ ನಲವತ್ತಮೂರು ಡಿಗ್ರಿ ಬಿಸಿಲು ತಿಂದೂ ಇನ್ನೂ ಹಸಿಯಾಗಿಯೇ ಇತ್ತು. ಅದನ್ನೂ ನೋಡಿದಳು, ಗಾಳಿ ಇಲ್ಲವೆಂದುಕೊಂಡಳು. ಗಾಳಿ ಬೀಸುತ್ತಲೇ ಇತ್ತು.

ಅವಳ ಲಕ್ಷ್ಯವೆಲ್ಲ ಅವ್ವ ಮಾಡುತ್ತಿದ್ದ ಕೆಲಸದ ಮೇಲಿತ್ತು. ನೀಲವ್ವ ರೊಟ್ಟಿ ಬೇಯಿಸುವ ಹಂಚನ್ನು ಬೋರಲು ಹಾಕಿ, ಅದರ ಮೇಲೆ ಸಗಣಿಯಿಂದ ಮಳೆ ಬೇಡುವ ಗೊಂಬೆ ಗುರ್ಜಿಯನ್ನು ಮಾಡಿ, ನೆತ್ತಿಗೆ ಗರಿಕೆ ಸಿಕ್ಕಿಸುತ್ತಿದ್ದಳು. ಮಳೆ ತಪ್ಪಿದಾಗ ಕರಿದಿನ್ನಿಯಲ್ಲಿ ಗುರ್ಜಿ ಹೊರುವ ಮಾನ ಅಂಬಿಗರಾದ ನೀಲವ್ವನ ಮನೆಯದು. ಹೊತ್ತವರು ಊರ ಮನೆಮನೆಗೂ ಹೋಗಬೇಕು. ಪ್ರತಿ ಮನೆಯವರು ಗುರ್ಜಿಯ ಮೇಲೆ ಒಂದು ಕೊಡ ನೀರು ಸುರಿಯಬೇಕು. ಹೊತ್ತವರು ಕೊನೆಯ ಮನೆ ಮುಗಿಯುವ ತನಕ ಕೂಡುವಂತಿಲ್ಲ, ತಲೆ ಒರೆಸಿಕೊಳ್ಳುವಂತಿಲ್ಲ, ಉಟ್ಟ ಹಸಿ ಸೀರೆ ಹಿಂಡುವಂತಿಲ್ಲ. ನೀಲವ್ವನಿಗೆ ಐವತ್ತೆಂಟು ವರ್ಷ. ಹತ್ತು ವರ್ಷದ ಕೆಳಗೆ ಹೊತ್ತದ್ದೇ ಕೊನೆ.

"ನೂರಾ ಇಪ್ಪತ್ತ ಮನಿ ಅದಾವಬೇ. ಈ ಬಿಸಲಾಗ ಏನ ಹಟ ನಿಂದು?"

"ಬಿಸಲಿದ್ರೇನಾತು? ಹೆಜ್ಜಿಗೊಂದ ಕೊಡ ನೀರ ಬೀಳ್ತಾವ. ನಿಮ್ಮ ಆಫೀಸಿನ ಏಸಿಕಿಂತ ತಂಪ ಇರ್ತೈತಿ." ನೀಲವ್ವ ಕೈ ತೊಳೆದುಕೊಂಡು ಮಗಳ ಗದ್ದ ಹಿಡಿದಳು. "ನೀ ನೀರ ಮ್ಯಾಲ ಹೋಗದಂಗ ಮಾಡ್ತಿ. ನಾ ಅದನ್ನ ಕೆಳಗ ಇಳಸಾಕ ಹೊಂಟೀನಿ. ಯಾರ ಶಾಣ್ಯಾರು ನೋಡೂಣು."

ತಮಾಷೆಯ ಮಾತೇ. ಆದರೂ ಬಸ್ಸಿನಲ್ಲಿ ಕೂತ ಮೇಲೆ ಕಸ್ತೂರಿಗೆ ಅದು ಒಳಗೆಲ್ಲೋ ಚುಚ್ಚಿತು.

ನೀರು ಮೇಲೆ ಹೋಗದಂತೆ ಮಾಡಿದ್ದು ನಿಜ. ಕರಿದಿನ್ನಿಯ ಜಲಾಶಯದಲ್ಲಿ ಮಳೆಗಾಲಕ್ಕೆ ತುಂಬಿದ ನೀರಿನ ಸುಮಾರು ಅರ್ಧವನ್ನು ಬೇಸಗೆಯ ಸೂರ್ಯನೇ ಕುಡಿಯುತ್ತಿದ್ದ. ಅದನ್ನು ತಡೆಯಲು ಬಂದದ್ದು ಕೆನೆ. ಹಾಲಿನ ಮೇಲೆ ಕೆನೆ ಕಟ್ಟುವಂತೆ ನೀರಿನ ಮೇಲೆ ಕಟ್ಟುವ ಪದರ, ಆದರೆ ಕಣ್ಣಿಗೆ ಕಾಣದಷ್ಟು ತೆಳು. ಅದನ್ನು ನೇಯುವವು ಪ್ರಯೋಗಶಾಲೆಯಲ್ಲಿ ತಿದ್ದಿ ಬೆಳೆಸಿದ ಸೂಕ್ಷ್ಮಜೀವಿಗಳು. ಬಿಸಿಲನ್ನೇ ಉಂಡು ಮೇಣದಂಥದ್ದೊಂದನ್ನು ಒಸರಿ, ನೀರಿನ ಮೈಯನ್ನು ಹೊದೆಸಿಬಿಡುತ್ತವೆ. ಗಾಳಿಗೆ ಹರಿದರೆ ಹತ್ತು ನಿಮಿಷದಲ್ಲಿ ತಾವೇ ಹೊಲಿದುಕೊಳ್ಳುತ್ತವೆ. ಗಾಳಿಯ ಆಮ್ಲಜನಕ ಒಳಗೆ ಹೋಗುತ್ತದೆ, ಮೀನಿಗೆ ತೊಂದರೆಯಿಲ್ಲ. ಆವಿ ಮಾತ್ರ ಹೊರಗೆ ಬರುವುದಿಲ್ಲ. ಆ ಹೊಲಿಗೆಯ ಗುಣವನ್ನು ಜೀವಿಗಳಿಗೆ ಕಲಿಸಿದ ತಂಡದಲ್ಲಿ ಕಸ್ತೂರಿ ಅಂಬಿಗೇರ ಕೂಡ ಒಬ್ಬಳು.

ಒಂದೇ ಒಂದು ಕಟ್ಟುನಿಟ್ಟಿತ್ತು. ಕೆನೆ ಜಲಾಶಯ ಬಿಟ್ಟು ಹೊರಗೆ ಹೋಗಬಾರದು. ಉಪ್ಪುನೀರಿನಲ್ಲಿ ಅದು ಮೂರು ಪಟ್ಟು ಬೇಗ ಬೆಳೆಯುತ್ತಿತ್ತು. ಸಮುದ್ರ ಸೇರಿದರೆ ಸಮುದ್ರವನ್ನೇ ಹೊದ್ದೀತು. ಸಮುದ್ರದಿಂದ ಆವಿ ಏಳದಿದ್ದರೆ ಮೋಡವೆಲ್ಲಿಂದ, ಮಳೆಯೆಲ್ಲಿಂದ? ಅದಕ್ಕೇ ಊರಿಗೆ ಕೊಡುವ ನೀರನ್ನು ಜಲಾಶಯದ ತಳದ ಕೊಳವೆಯಿಂದಲೇ ಎಳೆಯುತ್ತಿದ್ದರು. ಕೆನೆ ಮೇಲೆ ತೇಲುತ್ತದೆ, ನೀರು ಕೆಳಗಿನಿಂದ ಹೋಗುತ್ತದೆ. ಕೋಡಿ ಹರಿಯುವಷ್ಟು ತುಂಬಿಸುತ್ತಲೂ ಇರಲಿಲ್ಲ. ಲೆಕ್ಕ ಸರಿಯಾಗಿತ್ತು.

ಕರಿದಿನ್ನಿ ಗೆದ್ದಿತು. ಎರಡು ವರ್ಷದಲ್ಲಿ ಸುತ್ತಲಿನ ಎಂಬತ್ತಮೂರು ಕೆರೆಗಳಿಗೂ ಕೆನೆ ಹೊದೆಸಿದರು. ಆಮೇಲೆ ಒಂದು ನಿಂತುಹೋಯಿತು, ಬೇಸಗೆಯ ಸಂಜೆ ಮಳೆ. ಹಗಲೆಲ್ಲ ಕೆರೆ, ಹಳ್ಳ, ಹೊಲಗಳಿಂದ ಎದ್ದ ಆವಿ ಸಂಜೆಗೆ ಮೋಡವಾಗಿ ಗುಡುಗಿ, ಅರ್ಧ ಗಂಟೆ ಸುರಿದು ಹೋಗುತ್ತಿತ್ತಲ್ಲ, ಅದು. ಮೂರು ಬೇಸಗೆ ಒಂದು ಹನಿಯೂ ಬೀಳಲಿಲ್ಲ. ಮೇಲಿನವರು ಕಾಕತಾಳೀಯ ಎಂದರು. ಕಸ್ತೂರಿ ಒಂದು ಟಿಪ್ಪಣಿ ಬರೆದಳು, ಹರಿದುಹಾಕಿದಳು. ನಲ್ಲಿಯಲ್ಲಿ ದಿನಾ ನೀರು ಬರುವ ಊರಲ್ಲಿ ನಿಂತು ಮಳೆಯ ಮಾತಾಡಲು ಅವಳಿಗೆ ಧೈರ್ಯ ಸಾಲಲಿಲ್ಲ. ಊರವರು ಮಾತ್ರ ಮಳೆ ಮುನಿಸಿಕೊಂಡಿದೆ ಎಂದುಕೊಂಡು ಗುರ್ಜಿ ಹೊರಡಿಸಿದ್ದರು.

ನಿಯಂತ್ರಣ ಕೊಠಡಿಯಲ್ಲಿ ರಾಜೇಸಾಬ ನದಾಫ ಪರದೆಗಳ ಮುಂದೆ ಕುಳಿತಿದ್ದ. ಮೀಟರು, ಗೇಟು, ಕ್ಯಾಮೆರಾ ಎಲ್ಲ ನೋಡಿಕೊಳ್ಳುವವನು ಅವನೇ. ಯಾವತ್ತೂ ನಗುನಗುತ್ತ ನಮಸ್ಕಾರ ಹೇಳುವವನು ಅಂದು ನಗಲಿಲ್ಲ.

"ಮೇಡಮ್ಮರ, ಎರಡ ಸುದ್ದಿ ಅದಾವು. ಒಂದ ಚಲೋದು. ಪಡುವಣ ಕಡಲಾಗ ಎದ್ದ ತೂಫಾನ ತಿರಗಿ ನಮ್ಮ ಕಡೆ ಬರಾಕತ್ತೈತಿ. ರಾಡಾರಿನಾಗ ನೋಡ್ರಿ, ಮಧ್ಯಾಹ್ನದೊಳಗ ಬರ್ತೈತಿ ಮಳಿ."

"ಇನ್ನೊಂದು?"

ಅವನು ನೀರೆಳೆಯುವ ಗೋಪುರದ ಕ್ಯಾಮೆರಾ ತೋರಿಸಿದ. ಗೋಪುರದ ಬುಡದಲ್ಲಿ ನೀರು ಮೆಲ್ಲಗೆ ತಿರುಗುತ್ತಿತ್ತು. ನಡುವೆ ಹೆಬ್ಬೆರಳು ಗಾತ್ರದ ಒಂದು ಕುಳಿ.

"ಸುಳಿ ಬಿದ್ದೈತಿ. ನಾಲ್ಕ ದಿನಾ ಆತಂತ. ರಜಾದಾಗಿದ್ದೆ, ಈಗ ನೋಡಿದೆ."

ಕಸ್ತೂರಿ ಕುರ್ಚಿ ಎಳೆದುಕೊಂಡಳು, ಕೂಡಲಿಲ್ಲ. ನೀರಿನ ಮಟ್ಟ ಇಂತಿಷ್ಟಕ್ಕಿಂತ ಇಳಿದರೆ ನೀರೆಳೆಯುವುದನ್ನು ನಿಲ್ಲಿಸಬೇಕೆಂಬ ನಿಯಮವಿತ್ತು. ಕಳೆದ ತಿಂಗಳು, ಬೇಸಗೆ ಬೇಡಿಕೆ ಜಾಸ್ತಿಯೆಂದು, ಆ ಗೆರೆಯನ್ನು ಎರಡಡಿ ಕೆಳಗಿಳಿಸುವ ಕಾಗದಕ್ಕೆ ಸಹಿ ಹಾಕಿದವಳು ಅವಳೇ. ನಿಂತ ನೀರಿನ ಲೆಕ್ಕ ಹಾಕಿದ್ದಳು, ಸುಳಿಯ ಲೆಕ್ಕ ಮರೆತಿದ್ದಳು. ಸುಳಿ ಮೇಲಿನ ನೀರನ್ನು ತಳದ ಕೊಳವೆಗೆ ಇಳಿಸುತ್ತದೆ. ಮೇಲಿನ ನೀರೆಂದರೆ ಕೆನೆ.

"ಕೊಳವಿ ಬಂದ್ ಮಾಡ್ರಿ," ಎಂದಳು.

ಅವನು ಗುಂಡಿ ಒತ್ತುವಷ್ಟರಲ್ಲಿ ಫೋನು ಬಂತು. ಪಶುವೈದ್ಯರು. ಕರಿದಿನ್ನಿಯಲ್ಲಿ ನಿನ್ನೆಯಿಂದ ಏಳು ಎಮ್ಮೆ ಸತ್ತಿವೆ, ಜಡ್ಡು ಯಾವುದೆಂದು ತಿಳಿಯುತ್ತಿಲ್ಲ, ನೀರೇನಾದರೂ ಕೆಟ್ಟಿದೆಯೇ ಎಂದು ಕೇಳಿದರು. ಎಲ್ಲವೂ ಊರಮುಂದಿನ ತೊಟ್ಟಿಯಲ್ಲಿ ಮೈ ತೊಳೆಸಿಕೊಂಡಂಥವು. ಸಾಯುವಾಗ ಜ್ವರ ನೂರಾ ಎಂಟು. "ವಿಚಿತ್ರ ಅಂದ್ರ ಮೇಡಂ, ಮೈ ತೊಳದು ನಾಲ್ಕ ತಾಸಾದ್ರೂ ಚರ್ಮ ಹಸೀನ ಇತ್ತು."

ಕಸ್ತೂರಿ ಫೋನಿಟ್ಟಳು. ಕೊಠಡಿಯ ನಲ್ಲಿಯೂ ಅದೇ ಕೊಳವೆಯದು. ಬಲಗೈಯನ್ನು ನಲ್ಲಿಯ ಕೆಳಗೆ ಹಿಡಿದಳು. ಎಡಗೈ ಮೇಲೆ ಅಂಗಡಿಯಿಂದ ತಂದ ಬಾಟಲಿಯ ನೀರು ಸುರಿದುಕೊಂಡಳು. ಎರಡನ್ನೂ ಫ್ಯಾನಿಗೆ ಒಡ್ಡಿದಳು. ಎಡಗೈ ತಣ್ಣಗಾಗಿ ನಿಮಿಷದಲ್ಲಿ ಆರಿತು. ಬಲಗೈ ಹಸಿಯಾಗಿಯೇ ಉಳಿಯಿತು, ಬೆಚ್ಚಗೆ, ಯಾರೋ ಹಿಡಿದುಕೊಂಡ ಹಾಗೆ.

ಮೈ ಬೆವರುವುದು ಯಾತಕ್ಕೆ? ಬೆವರು ಆವಿಯಾಗಿ ಹೋಗುವಾಗ ಮೈಯ ಕಾವನ್ನು ಹೊತ್ತೊಯ್ಯಲಿ ಎಂದು. ಗಡಿಗೆ ತಣ್ಣಗಾಗುವುದೂ ಹಾಗೆಯೇ, ಸೀರೆ ಒಣಗುವುದೂ, ಮೋಡ ಕಟ್ಟುವುದೂ ಹಾಗೆಯೇ. ಎಲ್ಲ ಒಂದೇ ಕೆಲಸ. ಆ ಕೆಲಸವನ್ನು ಅವರು ನಿಲ್ಲಿಸಿದ್ದರು, ಕೆರೆಯಲ್ಲಿ ಮಾತ್ರ ನಿಲ್ಲುತ್ತದೆಂದು ನಂಬಿದ್ದರು. ಈಗ ಅದೇ ಕೆನೆ ಮನುಷ್ಯರ ಮೈಮೇಲೆ ಬಿದ್ದರೆ ಒಳಗಿನ ಕಾವು ಹೊರಗೆ ಬರುವ ದಾರಿಯೇ ಇಲ್ಲ.

ನೂರಾ ಇಪ್ಪತ್ತು ಮನೆ. ಮನೆಗೊಂದು ಕೊಡ. ಮಿಂದವರು ಒರೆಸಿಕೊಂಡು ಉಳಿದಿದ್ದರು, ಗುರ್ಜಿ ಹೊತ್ತವರು ಒರೆಸಿಕೊಳ್ಳುವಂತಿಲ್ಲ.

"ಅವ್ವ," ಎಂದಳು ಕಸ್ತೂರಿ.

ಫೋನು ಮನೆಯಲ್ಲಿ ರಿಂಗಾಗುತ್ತಲೇ ಇತ್ತು. ನೆರೆಯವರಿಗೆ ಮಾಡಿದಳು, ಯಾರೂ ಎತ್ತಲಿಲ್ಲ. ಹಲಗೆ ಬಾರಿಸುತ್ತ ಹಾಡುತ್ತ ಊರೆಲ್ಲ ಗುರ್ಜಿಯ ಹಿಂದೆ ಇರುತ್ತದೆ, ಫೋನು ಯಾರಿಗೆ ಕೇಳೀತು? ಪ್ರಯೋಗಶಾಲೆಯಲ್ಲಿ ಕೆನೆಯನ್ನು ಕೊಲ್ಲಲು ಬಳಸುತ್ತಿದ್ದ ಸ್ಪಿರಿಟ್ಟಿನ ಕ್ಯಾನು ಎರಡಿದ್ದವು, ಐದೈದು ಲೀಟರಿನವು. ಅವನ್ನೆತ್ತಿಕೊಂಡು ರಾಜೇಸಾಬನ ಬೈಕಿನ ಹಿಂದೆ ಕುಳಿತಳು. ಆರು ಕಿಲೋಮೀಟರು. ದಾರಿಯುದ್ದಕ್ಕೂ ಅವನು ಏನೋ ಕೇಳುತ್ತಿದ್ದ, ಅವಳಿಗೆ ಒಂದೂ ಕೇಳಿಸಲಿಲ್ಲ.

ಹಳ್ಳದ ಸೇತುವೆ ದಾಟುವಾಗ ಕೆಳಗೆ ನೋಡಿದಳು. ಹಳ್ಳ ಒಣಗಿ ಬಿರುಕು ಬಿಟ್ಟಿತ್ತು. ಊರ ಗಟಾರದ ನೀರು ಹಳ್ಳ ಮುಟ್ಟುವ ಮೊದಲೇ ಕಾದ ಮರಳಲ್ಲಿ ಇಂಗಿಹೋಗುತ್ತಿತ್ತು. ದೇವರು ದೊಡ್ಡವನು, ಕೆನೆ ಇನ್ನೂ ಊರು ಬಿಟ್ಟಿಲ್ಲ. ಕಾದ ನೆಲಕ್ಕೆ ಬಿದ್ದು ನೀರು ಇಂಗಿದರೆ ಅದು ಸಾಯುತ್ತದೆ. ಮಳೆಯೊಂದು ಬರದಿದ್ದರೆ ಸಾಕು. ಹಾಗೆ ಅಂದುಕೊಂಡವಳು ತನ್ನ ಯೋಚನೆಗೆ ತಾನೇ ಹೆದರಿದಳು. ಗುರ್ಜಿ ಹೊರುವ ಮನೆತನದ ಹೆಣ್ಣು ಮಳೆ ಬೇಡವೆಂದು ಬೇಡುತ್ತಿದ್ದಳು.

ಮೆರವಣಿಗೆ ಅಗಸಿ ಓಣಿಯಲ್ಲಿತ್ತು. ದೂರದಿಂದಲೇ ಹಲಗೆಯ ಸದ್ದು ಜೋರಾಗಿ ಕೇಳುತ್ತಿತ್ತು, ಇರಬೇಕಾದ್ದಕ್ಕಿಂತ ಜೋರಾಗಿ. ಕಸ್ತೂರಿ ಜನರನ್ನು ನೂಕಿಕೊಂಡು ಒಳಗೆ ಹೋದಳು.

ನೀಲವ್ವ ತೂಗಾಡುತ್ತಿದ್ದಳು. ಎರಡೂ ಕೈಯಿಂದ ಹಂಚು ಹಿಡಿದು, ಕಣ್ಣು ಅರ್ಧ ಮುಚ್ಚಿ, ಒಂದು ಹೆಜ್ಜೆ ಮುಂದೆ ಎರಡು ಹೆಜ್ಜೆ ಪಕ್ಕಕ್ಕೆ. ಮುಖ ಕೆಂಡದಂತಾಗಿತ್ತು. ಬಾಯಿ ಏನೇನೋ ಬಡಬಡಿಸುತ್ತಿತ್ತು, ಸತ್ತುಹೋದ ಗಂಡನ ಹೆಸರು, ದೋಣಿ, ಆಚೆ ದಂಡೆ.

"ಮೈಯಾಗ ಗಂಗವ್ವ ಬಂದಾಳ!" ಎಂದು ಕೂಗಿದ ಊರ ಹಿರಿಯ ಸಂಗಪ್ಪಜ್ಜ, ಗುರ್ಜಿ ಮುಂದೆ ನಿಂತು ನಡೆಸುವವನು. ಅವನ ಕಣ್ಣಲ್ಲಿ ನೀರಿತ್ತು, ಅಷ್ಟು ಭಕ್ತಿ. "ಸುರೀರಿ, ಇನ್ನಷ್ಟ ಸುರೀರಿ! ತಾಯಿ ದಣದಾಳ, ತಂಪ ಮಾಡ್ರಿ!"

ಎರಡು ಕಡೆಯಿಂದ ಎರಡು ಕೊಡ ಬಿದ್ದವು.

"ಹಾಕಬ್ಯಾಡ್ರೀ!" ಕಸ್ತೂರಿ ಕಿರುಚಿದಳು. "ಆಕಿ ಸಾಯಾಕತ್ತಾಳ. ಗಂಗವ್ವ ಅಲ್ಲ, ಜ್ವರ ನೆತ್ತಿಗೇರೈತಿ!"

"ಏ ತಂಗಿ, ದೂರ ಸರಿ. ಇನ್ನ ಮೂವತ್ತ ಮನಿ ಅದಾವ. ನಡುವ ಮುಟ್ಟಿದ್ರ ಮಳಿ ಹೋಗ್ತೈತಿ."

ಕಸ್ತೂರಿ ಕೈಚಾಚಿ ಹಂಚನ್ನೆಳೆದಳು. ಅದು ಕಲ್ಲಿನ ಮೇಲೆ ಬಿತ್ತು. ಗುರ್ಜಿ ಒಡೆದು ಗರಿಕೆ ನೀರಲ್ಲಿ ಚೆಲ್ಲಿತು. ಹಲಗೆ ನಿಂತಿತು. ನೀಲವ್ವ ಮಗಳ ಮೈಮೇಲೆ ಕುಸಿದಳು. ಅವಳ ಮೈ ಮುಟ್ಟಿದರೆ ಒಲೆಯ ಮೇಲಿನ ಪಾತ್ರೆ ಮುಟ್ಟಿದ ಹಾಗಿತ್ತು.

ಒಬ್ಬ ಹೆಂಗಸು ಕಸ್ತೂರಿಯ ರಟ್ಟೆ ಹಿಡಿದಳು. "ಮೂರ ವರ್ಷ ಆತು ಸಂಜಿ ಮಳಿ ಕಂಡು. ಈಗ ಇದನ್ನೂ ಕೆಡಿಸಿದಿ. ಏನ ಬೇಕಾಗೈತಿ ನಿನಗ?"

"ಮಳಿ ನಾನ ಕೆಡಿಸೀನಿ," ಎಂದಳು ಕಸ್ತೂರಿ. ಒಮ್ಮೆ ಬಾಯಿ ಬಿಟ್ಟ ಮೇಲೆ ನಿಲ್ಲಿಸಲಾಗಲಿಲ್ಲ. "ಕೆನಿ ಮಾಡಿದ್ದು ನಾವು. ಆವಿ ನಿಂತದ್ದಕ್ಕ ಸಂಜಿ ಮಳಿ ನಿಂತಾವ. ಗೊತ್ತಿತ್ತು, ಹೇಳಲಿಲ್ಲ. ಅದ ಕೆನಿ ಈಗ ನಿಮ್ಮ ಕೊಡದಾಗ ಐತಿ, ನನ್ನ ಸಹಿಯಿಂದ. ಹಸಿ ಅರಿವಿ ತಗೀರಿ, ಮೈ ಒಣಾ ಅರಿವೀಲೆ ಒರಸ್ಕೋರಿ. ಹುಡುಗ್ರನ್ನ ನೋಡ್ರಿ, ಹುಡುಗ್ರ ಎಲ್ಲಿ?"

ಆಗ ಎಲ್ಲರೂ ತಿರುಗಿ ನೋಡಿದರು. ಬೆಳಗಿನಿಂದ ಗುರ್ಜಿಯ ಸುತ್ತ ನೀರಾಡುತ್ತ ಕುಣಿದ ಮಕ್ಕಳು ಗುಡಿಯ ಕಟ್ಟೆಯ ಮೇಲೆ ಸುಮ್ಮನೆ ಕುಳಿತಿದ್ದವು. ಬಹಳ ಸುಮ್ಮನೆ. ಒಂದು ಹುಡುಗಿ ಪಕ್ಕಕ್ಕೆ ವಾಲಿತು, ಯಾರೂ ನೂಕಿರಲಿಲ್ಲ.

ಮುಂದಿನ ಅರ್ಧ ಗಂಟೆ ಯಾರೂ ಯಾರನ್ನೂ ಬೈಯಲಿಲ್ಲ. ಸಂಗಪ್ಪಜ್ಜನೇ ತನ್ನ ಧೋತರ ಹರಿದು ಕೊಟ್ಟ. ಮಕ್ಕಳನ್ನು ಶಾಲೆಯ ಪಡಸಾಲೆಗೆ ಹೊತ್ತೊಯ್ದರು. ರಾಜೇಸಾಬ ಆಸ್ಪತ್ರೆಯ ಗಾಡಿಗೆ ಫೋನು ಮಾಡಿದ. ಒಂದು ತಾಸೆಂದರು. ಕಸ್ತೂರಿ ಮೊದಲ ಕ್ಯಾನಿನ ಬಹುಪಾಲನ್ನು ಅವ್ವನ ಕೈ, ಕಾಲು, ಬೆನ್ನಿಗೆ ಸುರಿದು ಒರೆಸಿದಳು. ಸ್ಪಿರಿಟ್ಟು ಆರುತ್ತ ಮೈ ತಣಿಯುತ್ತಿದ್ದುದು ಕೈಗೇ ತಿಳಿಯುತ್ತಿತ್ತು. ನೀಲವ್ವ ಒಮ್ಮೆ ನರಳಿದಳು. ಅಷ್ಟರಲ್ಲಿ ಪಕ್ಕದಲ್ಲಿ ಇನ್ನೆರಡು ಮಕ್ಕಳು ವಾಂತಿ ಮಾಡಿಕೊಂಡು ಬಿದ್ದವು. ಕಸ್ತೂರಿ ತುಂಬಿದ ಕ್ಯಾನನ್ನು ರಾಜೇಸಾಬನತ್ತ ತಳ್ಳಿದಳು, ತನ್ನ ಕೈಯಲ್ಲಿದ್ದ ಉಳಿಕೆಯನ್ನೂ ಕೊಟ್ಟಳು.

ಮಕ್ಕಳದು ಸಣ್ಣ ಮೈ, ಬೇಗ ಆರಿತು. ಬಿದ್ದಿದ್ದ ಆರು ಮಕ್ಕಳೂ ಕಣ್ಣು ಬಿಟ್ಟವು. ಹಸಿ ಬಟ್ಟೆಗಳನ್ನೆಲ್ಲ ಒಂದು ಕೋಣೆಯಲ್ಲಿ ರಾಶಿ ಹಾಕಿ ಬೀಗ ಹಾಕಿಸಿದಳು. ತೊಟ್ಟಿಗೂ ಕೊಡಗಳಿಗೂ ಮುಚ್ಚಳ ಹಾಕಿಸಿದಳು. ಓಣಿಯ ನೆಲ ಸುಡುತ್ತಿತ್ತು, ಅಲ್ಲಿ ಬಿದ್ದದ್ದು ಸತ್ತಿರಬಹುದು. ಒಂದನ್ನು ಮಾತ್ರ ಅವಳು ಮರೆತಿದ್ದಳು. ನೀಲವ್ವನ ತಲೆಗೂದಲು ಮೊಣಕಾಲುದ್ದ. ಬೆಳಗಿನಿಂದ ತೊಂಬತ್ತು ಕೊಡ ನೀರು ಕುಡಿದ ತುರುಬು. ಅದರೊಳಗೆ ಕೆನೆ ಜೀವಂತವಾಗಿತ್ತು, ಅಲ್ಲಿಂದ ಇಳಿದು ಕುತ್ತಿಗೆ, ಎದೆ, ಬೆನ್ನನ್ನು ಮತ್ತೆ ಹೊದ್ದುಕೊಳ್ಳುತ್ತಿತ್ತು. ಹತ್ತು ನಿಮಿಷ. ಅದಕ್ಕೆ ಹಾಗೆ ಮಾಡಲು ಕಲಿಸಿದವಳು ಇವಳೇ.

ಕಸ್ತೂರಿ ಒಣಬಟ್ಟೆಯಿಂದ ಒರೆಸಿದಳು, ಮತ್ತೆ ಹರಡಿತು. ಕತ್ತರಿ ತರಿಸಿ ತುರುಬು ಕತ್ತರಿಸಿದಳು, ನೆತ್ತಿಯಿಂದ ಮತ್ತೆ ಇಳಿಯಿತು. ಜ್ವರ ನೂರಾ ಆರಕ್ಕೇರಿತು. ನೀಲವ್ವನ ಕೈಕಾಲು ಸೆಟೆಯಲಾರಂಭಿಸಿದವು. ಎರಡೂ ಕ್ಯಾನು ಖಾಲಿ. ಆಸ್ಪತ್ರೆಯ ಗಾಡಿ ಇನ್ನೂ ಇಪ್ಪತ್ತು ನಿಮಿಷದ ದಾರಿಯಲ್ಲಿತ್ತು.

ಆಗ ಗುಡುಗಿತು.

ಪಡುವಣದ ಆಕಾಶ ಕಪ್ಪಾಗಿತ್ತು. ಊರೆಲ್ಲ ಉಸಿರು ಹಿಡಿದು ಮೇಲೆ ನೋಡಿತು. ಗಾಳಿ ಮಣ್ಣಿನ ವಾಸನೆ ತಂದಿತು. ಮೊದಲ ಹನಿಗಳು ಪಡಸಾಲೆಯ ತಗಡಿನ ಮೇಲೆ ಕಲ್ಲು ಎಸೆದಂತೆ ಬಿದ್ದವು, ಹಿಂದೆಯೇ ಮಳೆ ಸುರಿಯತೊಡಗಿತು. ಕಡಲಿನಿಂದ ಬಂದ ಶುದ್ಧ ಮಳೆ. ದಪ್ಪ ಹನಿಯ ಹೊಡೆತಕ್ಕೆ ಕೆನೆ ತಾಳುವುದಿಲ್ಲ, ಹೊಲಿದುಕೊಳ್ಳುವ ಮೊದಲೇ ತೊಳೆದುಹೋಗುತ್ತದೆ. ಪ್ರಯೋಗಶಾಲೆಯಲ್ಲಿ ಅದನ್ನೂ ನೋಡಿದ್ದಳು. ತೊಳೆದು ಹೋಗುವುದೆಲ್ಲಿಗೆ ಎಂಬುದೂ ಗೊತ್ತಿತ್ತು. ಅಂಗಳದಿಂದ ಗಟಾರಕ್ಕೆ, ಗಟಾರದಿಂದ ಹಳ್ಳಕ್ಕೆ, ಹಳ್ಳದಿಂದ ಕೃಷ್ಣೆಗೆ, ಕೃಷ್ಣೆಯಿಂದ ಸಮುದ್ರಕ್ಕೆ.

ರಾಜೇಸಾಬ ಅವಳ ಮುಖ ನೋಡಿದ. ಅವನಿಗೂ ಗೊತ್ತಿತ್ತು.

"ಮೇಡಮ್ಮರ," ಎಂದ. "ಹೊರಗ ಒಯ್ಯಬ್ಯಾಡ್ರಿ. ಓಣ್ಯಾಗಿನದು ಸತ್ತಿದ್ರೂ ಸತ್ತಿರಬೇಕು. ಇದು ಮಾತ್ರ ಜೀವಂತ ಐತಿ."

"ಗಾಡಿ ಬರೂತನಕ ಉಳಿಯೂದಿಲ್ಲ ರಾಜೇಸಾಬ."

"ಗೊತ್ತೈತ್ರಿ. ಆದ್ರೂ…" ಅವನು ಅಡ್ಡ ಬರಲಿಲ್ಲ.

ಕಸ್ತೂರಿ ಅವ್ವನ ಕಂಕುಳಿಗೆ ಕೈಹಾಕಿದಳು. ಭಾರವಾದ ಮೈ. ಒಬ್ಬಳಿಗೇ ಎಳೆಯಲಾಗಲಿಲ್ಲ. ಒಂದು ಗಳಿಗೆ ಹಾಗೇ ನಿಂತಳು. ಇಂಥ ಭಯವನ್ನು ಅವಳು ಹಿಂದೆಂದೂ ಕಂಡಿರಲಿಲ್ಲ. ಕೊನೆಗೆ ರಾಜೇಸಾಬನೇ ಬಂದು ಕಾಲು ಹಿಡಿದ.

ಅಂಗಳದ ನಡುವೆ ಮಲಗಿಸಿದರು. ಮಳೆ ನೀಲವ್ವನ ಹಣೆ, ಕಣ್ಣು, ಎದೆಯ ಮೇಲೆ ಹೊಡೆಯಿತು. ಕಸ್ತೂರಿ ಮೊಣಕಾಲೂರಿ ಕುಳಿತು ಎರಡೂ ಕೈಯಿಂದ ಅವ್ವನ ನೆತ್ತಿ ತಿಕ್ಕಿದಳು. ಬೆರಳ ಸಂದಿಯಿಂದ ಇಳಿದ ನೀರು ಸಣ್ಣ ಕಾಲುವೆಯಾಗಿ ಗಟಾರದ ಕಡೆ ಓಡಿತು. ಅದರ ಮೇಲೆ ಹನಿ ಬಿದ್ದಾಗ ಕ್ಷಣಕಾಲ ಒಂದು ತೆಳ್ಳನೆಯ ಹೊಳಪು ಕಂಡು ಮಾಯವಾಗುತ್ತಿತ್ತು. ಅವಳು ಅದನ್ನು ನೋಡುತ್ತಲೇ ತಿಕ್ಕಿದಳು.

ಮೈ ತಣ್ಣಗಾಯಿತು. ಕೈಕಾಲು ಸಡಿಲವಾದವು. ಎಷ್ಟೋ ಹೊತ್ತಿನ ಮೇಲೆ ನೀಲವ್ವ ಕಣ್ಣು ಬಿಟ್ಟು, ಮುಖದ ಮೇಲೆ ಬೀಳುತ್ತಿದ್ದುದೇನೆಂದು ತಿಳಿಯಲು ನಾಲಿಗೆ ಚಾಚಿದಳು.

"ಬಂತಲ್ಲ," ಎಂದಳು. ಆ ಸುಸ್ತಿನಲ್ಲೂ ನಕ್ಕಳು.

ಜನ ಅವಳ ಸುತ್ತ ನೆರೆದು ಕೈಮುಗಿಯುತ್ತಿದ್ದರು. ಸಂಗಪ್ಪಜ್ಜ ನೆಲಕ್ಕೆ ಹಣೆ ಹಚ್ಚಿದ. ಹಳ್ಳ ಬಂದಿತೆಂದು ಯಾರೋ ಕೂಗಿದರು. ಹೊಸನೀರು ನೋಡಲು ಹುಡುಗರು ಹೆಂಗಸರೆಲ್ಲ ಸೇತುವೆಯ ಕಡೆ ಓಡಿದರು. ರಾಜೇಸಾಬ ಮಾತ್ರ ಗೋಡೆಗೆ ಒರಗಿ ಕುಳಿತು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಿದ್ದ.

ಕಸ್ತೂರಿ ಅವ್ವನನ್ನು ತೊಡೆಯ ಮೇಲೆ ಮಲಗಿಸಿಕೊಂಡು ಅಳುತ್ತಿದ್ದಳು. ಮಳೆಯಲ್ಲಿ ಅಳು ಕಾಣಿಸದು. ಆದರೆ ತಾಯಿಗೆ ಕಾಣಿಸಿತು.

"ಯಾಕ ಅಳ್ತಿ ಹುಚ್ಚಿ? ನಾ ಅದೀನಿ. ಮಳೀನೂ ಬಂತು."

"ಇನ್ನ ಬರದಿದ್ರ ಏನ ಮಾಡೂದಬೇ?" ಕಸ್ತೂರಿಯ ಹಲ್ಲು ಕಟಕಟ ಎನ್ನುತ್ತಿದ್ದವು. "ಇದ ಕಡೀ ಮಳಿ ಆದ್ರ?"

ನೀಲವ್ವ ಮಗಳ ಕೆನ್ನೆಯ ಮೇಲೆ ಒದ್ದೆ ಕೈಯಿಟ್ಟಳು.

"ಬರದಿದ್ರ ಮತ್ತ ಹೊರ್ತೀನಿ ಬಿಡು," ಎಂದಳು. "ಅದಕ್ಕ್ಯಾಕ ಇಷ್ಟ ಅಂಜ್ತಿ?"